ಮಹಾನಂದಾ ಕಾಕುವಿನ ವಾಡೆ

ಚದುರಂಗದ ಹಲಗೆಯ ಮುಂದೆ ಕೂತರೆ ಮಹಾನಂದಾ ಕಾಕು ಮೊದಲು ತಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡುಬಿಡುತ್ತಿದ್ದರು. ಸೋಲಾಪುರದ ಮೇ ತಿಂಗಳ ಧಗೆಯಲ್ಲೂ ಹಾಗೇ, ಚಳಿ ಹಿಡಿದವರಂತೆ. ಕಣ್ಣು ಮಾತ್ರ ಹಲಗೆಯ ಮೇಲೆಲ್ಲ ಓಡಾಡುತ್ತಿತ್ತು. ಬಹಳ ಹೊತ್ತಿನ ಮೇಲೆ ಬಲಗೈ ಹೊರಗೆ ಬಂದು, ಒಂದು ಕಾಯಿ ಎತ್ತಿ ಇಟ್ಟು, ಅವಸರದಿಂದ ಮತ್ತೆ ಸೆರಗಿನೊಳಗೆ ಸೇರಿಕೊಳ್ಳುತ್ತಿತ್ತು. ಆಗ ಒಮ್ಮೆ ಬಳೆ ಸದ್ದಾಗುತ್ತಿತ್ತು. ಚಿಕ್ಕವಳಿದ್ದಾಗ ಅವರ ಎದುರು ಕೂತು ಆ ಬಳೆ ಸದ್ದಿಗೆ ಕಾಯುವುದೇ ನನಗೊಂದು ಶಿಕ್ಷೆಯಾಗಿತ್ತು.

"ಕಾಕು, ಕೈ ಯಾಕ ಕಟ್ಟಿ ಇಡ್ತೀರಿ?" ಎಂದು ಒಂದು ದಿನ ಕೇಳಿದೆ.

"ಹೊರಗ ಬಿಟ್ರ ಇದು ತಲಿಗಿಂತ ಮೊದಲ ಓಡ್ತದ ಸುನೀ. ಮುಟ್ಟಿದ ಮ್ಯಾಲ ಆ ಕಾಯೀನ ನಡಸಬೇಕಲ್ಲ? ಅದಕ್ಕ ಜೇಲಿನಾಗ ಇಟ್ಟೀನಿ."

ಸೋಲಾಪುರದ ಬಾಳಿವೇಸ ಪೇಟೆಯಲ್ಲಿ ನಮ್ಮ ಮನೆಯ ಎದುರಿಗೇ ಅವರ ಮನೆ. ನಮ್ಮಪ್ಪನದು ಬಟ್ಟೆ ಅಂಗಡಿ. ಕಾಕುವಿನ ಯಜಮಾನರದು ಮಾರ್ಕೆಟ್ ಯಾರ್ಡಿನಲ್ಲಿ ತೊಗರಿ, ಕಡಲೆಯ ವ್ಯಾಪಾರ. ಅವರನ್ನು ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಎರಡೂ ಮನೆಗಳಲ್ಲಿ ಓಣಿಗೆ ಬಂದರೆ ಮರಾಠಿ, ಒಲೆ ಮುಂದೆ ಕನ್ನಡ. ಕಾಕಾಗೆ ಚದುರಂಗದ ಗಂಧಗಾಳಿ ಇರಲಿಲ್ಲ. ಹೆಂಡತಿ ಆಡುತ್ತಾ ಕೂತರೆ ತಾವೇ ಚಹಾ ಮಾಡಿ ತಂದು, ಹಲಗೆಯನ್ನೊಮ್ಮೆ ಇಣುಕಿ, "ಯಾರ ಸತ್ರು?" ಎಂದು ಕೇಳಿ ಒಳಗೆ ಹೋಗುತ್ತಿದ್ದರು.

ಕಾಕುವಿನ ತವರು ಅಕ್ಕಲಕೋಟ ತಾಲೂಕಿನ ಹನ್ನೂರ. ದೊಡ್ಡ ಒಕ್ಕಲುತನದ ಮನೆ. ಅವರಪ್ಪನಿಗೆ ಇಬ್ಬರೇ ಮಕ್ಕಳು, ಮಹಾನಂದಾ ಮತ್ತು ಆಕೆಯ ತಮ್ಮ ಸಿದ್ರಾಮಪ್ಪ. ಬೆಳೆ ಕೊಯ್ದು ಹೊಲ ಖಾಲಿಯಾದ ದಿನಗಳಲ್ಲಿ ಆ ತಂದೆ ಇಬ್ಬರು ಮಕ್ಕಳನ್ನೂ ಪಡಸಾಲೆಯಲ್ಲಿ ಕೂರಿಸಿಕೊಂಡು ಬುದ್ಧಿಬಳ ಕಲಿಸಿದ್ದರು. ನಮ್ಮ ಕಡೆ ಚದುರಂಗಕ್ಕೆ ಅದೇ ಹೆಸರು. ಅವರು ಕಲಿಸಿದ್ದು ಹಳೇ ಕಾಲದ ಆಟ. ಅದರಲ್ಲಿ ಪ್ಯಾದೆ ಮೊದಲ ಸಲವೂ ಒಂದೇ ಮನೆ ನಡೆಯಬೇಕು, ಈಗಿನ ಹಾಗೆ ಎರಡು ಮನೆ ಜಿಗಿಯುವಂತಿಲ್ಲ.

ಹಾಗಾಗಿ ಆ ಮನೆಯಲ್ಲಿ ಆಟ ಶುರುಮಾಡುವ ರೀತಿಯೇ ಬೇರೆಯಾಗಿತ್ತು. ಪ್ಯಾದೆಗಳನ್ನೆಲ್ಲ ಒಂದೊಂದೇ ಮನೆ ಮುಂದಿಟ್ಟು ಗೋಡೆ ಎಬ್ಬಿಸುವುದು, ಎರಡೂ ಮೂಲೆಗಳಲ್ಲಿ ಸಂದಿ ಮಾಡಿ ಒಂಟೆಗಳನ್ನು ಬುರುಜಿನ ಮೇಲಿನ ಕಾವಲುಗಾರರಂತೆ ಕೂರಿಸುವುದು, ಕುದುರೆಗಳನ್ನು ಗೋಡೆಯ ಹಿಂದೆ ಕಟ್ಟುವುದು. ಇಷ್ಟಾಗುವ ತನಕ ಯಾರ ಮೇಲೂ ಏರಿ ಹೋಗುವಂತಿಲ್ಲ. ಅದಕ್ಕೆ ಅವರಪ್ಪ 'ವಾಡೆ ಕಟ್ಟೂದು', ಅಂದರೆ ಕೋಟೆಯಂಥ ಮನೆ ಕಟ್ಟುವುದು, ಎನ್ನುತ್ತಿದ್ದರಂತೆ. ನಾನು ಕಾಲೇಜಿಗೆ ಹೋದಾಗ ಒಂದು ಪುಸ್ತಕದಲ್ಲಿ ಅದೇ ಕಟ್ಟನ್ನು ನೋಡಿ ಬೆರಗಾದೆ. ಜಗತ್ತಿನಲ್ಲಿ ಅದಕ್ಕೆ ನೀರಾನೆಯ ಹೆಸರಿಟ್ಟಿದ್ದಾರೆ. ಓಡಿಬಂದು ಕಾಕುಗೆ ಹೇಳಿದೆ.

"ನೀರಾನಿ?" ಎಂದು ನಕ್ಕರು. "ಹನ್ನೂರಾಗ ನೀರೇ ಇಲ್ಲ, ನೀರಾನಿ ಎಲ್ಲಿಂದ ಬರ್ಬೇಕು. ವಾಡೇ ಇರ್ಲಿ ಬಿಡು."

ನನಗೆ ಆಟ ಕಲಿಸಿದವರು ಅವರು. ಹೊಸ ನಿಯಮಗಳನ್ನು ಅವರಿಗೆ ಕಲಿಸಿದವಳು ನಾನು. ಮಗಳ ಮದುವೆಯಾಗಿ, ಮನೆಯ ಗದ್ದಲ ಕಡಿಮೆಯಾದ ಮೇಲೆ ಕಾಕು ಪಂದ್ಯಗಳಲ್ಲಿ ಆಡಬೇಕೆಂದರು. ಅಷ್ಟರಲ್ಲಿ ನಾನು ಗಣಿತದ ಶಿಕ್ಷಕಿಯಾಗಿ, ರಜೆ ದಿನಗಳಲ್ಲಿ ಪಂದ್ಯಗಳಿಗೆ ಪಂಚಳಾಗಿ ಹೋಗುತ್ತಿದ್ದೆ. ಪಂಚ ಎಂದರೆ ನಮ್ಮಲ್ಲಿ ತೀರ್ಪುಗಾರ. ಪ್ಯಾದೆ ಬೇಕೆಂದರೆ ಎರಡು ಮನೆ ಹೋಗಬಹುದು ಎಂದು ಕಾಕುಗೆ ತಿಳಿಸಿ ಹೇಳಿದೆ. ಹಾಗೆ ಜಿಗಿದ ಪ್ಯಾದೆಯನ್ನು ಪಕ್ಕದಲ್ಲಿರುವ ಎದುರಾಳಿಯ ಪ್ಯಾದೆ, ಅದು ಒಂದೇ ಮನೆ ಬಂದಿದೆಯೇನೋ ಎಂಬಂತೆ ಹೊಡೆಯಬಹುದು ಎಂದೂ ಹೇಳಿದೆ. ಇದು ನನ್ನ ಚೇಷ್ಟೆ ಎಂದು ಅವರು ತಿಳಿದರು.

ಮೊದಲ ಪಂದ್ಯದಲ್ಲಿ, ಇರಲಿ ನೋಡೋಣ ಎಂದು ಜೀವನದಲ್ಲಿ ಮೊದಲ ಬಾರಿಗೆ ಒಂದು ಪ್ಯಾದೆಯನ್ನು ಎರಡು ಮನೆ ನಡೆಸಿದರು. ಎದುರಿಗಿದ್ದ ಕಾಲೇಜು ಹುಡುಗ ಅದೇ ಪ್ಯಾದೆಯನ್ನು ಆ ನಿಯಮದಿಂದಲೇ ಎತ್ತಿಕೊಂಡ. ಕಾಕು ಕೈ ಮೇಲೆತ್ತಿ ಇಡೀ ಸಭಾಂಗಣಕ್ಕೆ ಕೇಳುವಂತೆ ಕೂಗಿದರು: "ಸುನೀ! ಇಲ್ಲಿ ಕಳುವಾಗ್ಯದ ನೋಡು!"

ನಾನು ಹೋಗಿ, ಅದು ಕಳುವಲ್ಲ, ಕಾಯದೆ ಎಂದು ತಿಳಿಸಬೇಕಾಯಿತು. ಆ ಆಟ ಸೋತರು. ಮರಳಿ ಬರುವಾಗ ಕಾಕಾನ ಸ್ಕೂಟರಿನ ಹಿಂದೆ ಕೂತು, "ಎರಡ ಮನಿ ಜಿಗದ ಪ್ಯಾದಿ ಹಿಂದ ಬರಾಕ ಆಗೂದಿಲ್ಲ. ನಮ್ಮಪ್ಪ ಸುಮ್ಮ ಹೇಳಿದ್ದಿಲ್ಲ" ಎಂದರಂತೆ. ಅಂದಿನಿಂದ ಯಾವ ಪಂದ್ಯದಲ್ಲೂ ಅವರು ಪ್ಯಾದೆಯನ್ನು ಎರಡು ಮನೆ ನಡೆಸಲಿಲ್ಲ. ಸುತ್ತಮುತ್ತಲಿನ ಆಟಗಾರರಿಗೆಲ್ಲ 'ವಾಡೇವಾಲಿ ಕಾಕು' ಎಂದೇ ಪರಿಚಿತರಾದರು. ಸೋಲುತ್ತಿದ್ದರು, ಗೆಲ್ಲುತ್ತಿದ್ದರು. ಅವಸರದ ಹುಡುಗರಿಗೆ ಆ ಗೋಡೆ ತಲೆನೋವಾಗುತ್ತಿತ್ತು. ತಾಳ್ಮೆಯವರು ಅದನ್ನು ನಿಧಾನವಾಗಿ ಬಿಚ್ಚುತ್ತಿದ್ದರು.

ಇಷ್ಟು ನಗುನಗುತ್ತಾ ಇರುತ್ತಿದ್ದ ಕಾಕು ತವರಿನ ಮಾತು ಬಂದರೆ ಮಾತ್ರ ಎದ್ದು ಒಳಗೆ ಹೋಗಿಬಿಡುತ್ತಿದ್ದರು. ಕಾರಣ ನನಗೆ ಹೇಳಿದವರು ಕಾಕಾ.

ಕಾಕುವಿನ ಅಪ್ಪ ತೀರಿಕೊಂಡಾಗ ಕಾಕು ಪುಣೆಯಲ್ಲಿ ಮಗಳ ಬಾಣಂತನದಲ್ಲಿದ್ದರು. ಬೆಳಿಗ್ಗೆ ಫೋನು ಬಂತು. "ನಾ ಹೊಂಟೀನಿ, ನಾ ಬರೂತನಕ ಅಪ್ಪನ್ನ ಒಯ್ಯಬ್ಯಾಡ್ರಿ" ಎಂದು ತಮ್ಮನಿಗೆ ಹೇಳಿ ಹೊರಟರು. ದಾರಿಯಲ್ಲಿ ಬಸ್ಸು ಕೆಟ್ಟಿತು. ಹನ್ನೂರ ಮುಟ್ಟಿದಾಗ ಹೊತ್ತು ಮುಳುಗಿತ್ತು. ಹೊಲದಲ್ಲಿ ಮಣ್ಣು ಮಾಡಿ ಜನ ಮನೆಗೆ ಬಂದು ಸ್ನಾನ ಮಾಡುತ್ತಿದ್ದರು. ಅಂಗಳದಲ್ಲೇ ನಿಂತು ಕಾಕು ತಮ್ಮನಿಗೆ, "ಇನ್ನ ನನ್ನ ಮಾರಿ ನೋಡಬ್ಯಾಡ" ಎಂದರು. ಒಳಗೂ ಹೋಗದೆ ತಿರುಗಿ ಬಂದರು.

ಆಮೇಲೆ ಹತ್ತು ವರ್ಷಕ್ಕೂ ಮೇಲೆ ಮಾತಿಲ್ಲ. ಪ್ರತಿ ನಾಗರ ಪಂಚಮಿಗೆ ತಮ್ಮ ಯಾರದಾದರೂ ಕೈಯಲ್ಲಿ ಉಂಡಿಯ ಡಬ್ಬಿ ಕಳಿಸುತ್ತಿದ್ದ. ಕಾಕು ಅದನ್ನು ತೆರೆಯದೆ ನಮ್ಮ ಮನೆಗೆ ಕೊಡುತ್ತಿದ್ದರು. ನಾವು ತಿನ್ನುತ್ತಿದ್ದೆವು. ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ. "ಛಲೋ ಆಗ್ಯಾವೇನ?" ಎಂದು ಮಾತ್ರ ಕೇಳುತ್ತಿದ್ದರು.

ಮೂರು ವರ್ಷದ ಹಿಂದೆ ಅಕ್ಕಲಕೋಟದ ಒಂದು ಮಂಗಲ ಕಾರ್ಯಾಲಯದಲ್ಲಿ, ಅಂದರೆ ಮದುವೆ ಛತ್ರದಲ್ಲಿ, ಎರಡು ದಿನದ ಪಂದ್ಯ ನಡೆಯಿತು. ಪಂಚರಲ್ಲಿ ನಾನೂ ಒಬ್ಬಳು. ಕಾಕಾ ಎಂದಿನಂತೆ ಕಾಕುವನ್ನು ಕರೆತಂದು, ಹಿಂದಿನ ಸಾಲಿನ ಕುರ್ಚಿಯೊಂದರಲ್ಲಿ ಕೂತು ಆಗಲೇ ತೂಕಡಿಸುತ್ತಿದ್ದರು. ಅಲ್ಲಿ ಸಿದ್ರಾಮಪ್ಪನನ್ನು ಮೊದಲ ಸಲ ನೋಡಿದೆ. ಬಿಳಿ ಧೋತರ, ಟೋಪಿ, ಕಾಕುವಿನದೇ ಅಗಲ ಹಣೆ. ಅಕ್ಕ ತಮ್ಮ ಇಬ್ಬರೂ ಸಭಾಂಗಣದ ಎರಡು ತುದಿಗಳಲ್ಲಿ ಆಡುತ್ತಿದ್ದರು. ಕಾಕು ಅತ್ತ ಕಡೆ ಕತ್ತೂ ಹೊರಳಿಸಲಿಲ್ಲ.

ಇಂಥ ಪಂದ್ಯಗಳಲ್ಲಿ ಸಮ ಅಂಕ ಇರುವವರನ್ನು ಮುಂದಿನ ಸುತ್ತಿನಲ್ಲಿ ಎದುರುಬದುರು ಕೂರಿಸುತ್ತಾರೆ. ಯಾರಿಗೆ ಯಾರು ಎಂಬುದನ್ನು ಕಂಪ್ಯೂಟರ್ ತೀರ್ಮಾನಿಸುತ್ತದೆ. ಎರಡನೇ ದಿನ ಬೆಳಿಗ್ಗೆ ನಾಲ್ಕನೇ ಸುತ್ತಿನ ಜೋಡಿಗಳು ಪರದೆಯ ಮೇಲೆ ಬಂದವು. ಹದಿನಾರನೇ ಹಲಗೆ. ಬಿಳಿ ಕಾಯಿ ಮಹಾನಂದಾ, ಕರಿ ಕಾಯಿ ಸಿದ್ರಾಮಪ್ಪ.

ಕಾಕು ನೇರ ನನ್ನ ಹತ್ತಿರ ಬಂದರು. ಮುಖ ಬಿಳಿಚಿತ್ತು.

"ಸುನೀ, ಇದನ್ನ ಬದಲಾ ಮಾಡು."

"ಹಂಗ ಮಾಡಾಕ ಬರೂದಿಲ್ಲರಿ ಕಾಕು. ಆಡ್ರಿ, ಇಲ್ಲಾ ಬಿಟ್ಟ ಕೊಡ್ರಿ."

ಬಿಟ್ಟುಕೊಡುವ ಮಾತು ಅವರಿಗೆ ತಾಗಿತು. "ಅವಗ ಬಿಟ್ಟಕೊಡ್ಲಾ?" ಎಂದು ಹೋಗಿ ಕೂತರು. ಕೈ ಸೆರಗಿನೊಳಗೆ ಹೋಯಿತು.

ಸಿದ್ರಾಮಪ್ಪ ಬಂದು ಕೂತು, ಆಟದ ಪದ್ಧತಿಯಂತೆ ಕೈ ಮುಂದೆ ಚಾಚಿದ. ಆ ಕೈ ಹಲಗೆಯ ಮೇಲೆ ಹಾಗೇ ನಿಂತಿತು. ಸುತ್ತಲಿನವರಿಗೆ ಏನೂ ಗೊತ್ತಿಲ್ಲ. ಕಾಕು ಸೆರಗಿನೊಳಗಿಂದ ಎರಡೂ ಕೈ ತೆಗೆದು, ತಮ್ಮನ ಮುಖ ನೋಡದೆ, ಗುರುತಿಲ್ಲದವರಿಗೆ ಮಾಡುವಂತೆ ನಮಸ್ಕಾರ ಮಾಡಿದರು. ಆತ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡು ತಾನೂ ನಮಸ್ಕಾರ ಮಾಡಿದ. ಗಡಿಯಾರ ಶುರುವಾಯಿತು.

ಕಾಕು ರಾಜನ ಮುಂದಿನ ಪ್ಯಾದೆಯನ್ನು ಒಂದು ಮನೆ ನಡೆಸಿದರು. ಸಿದ್ರಾಮಪ್ಪ ತನ್ನ ರಾಜನ ಮುಂದಿನ ಪ್ಯಾದೆಯನ್ನು ಒಂದು ಮನೆ ನಡೆಸಿದ. ಕೆಲವು ನಡೆಗಳ ಮೇಲೆ ಕಾಕು ಒಂದು ಒಂಟೆಯನ್ನು ಬುರುಜಿಗೆ ಏರಿಸಿದರು. ಆತನೂ ಏರಿಸಿದ. ಅರ್ಧ ತಾಸಿನ ಹೊತ್ತಿಗೆ ಹಲಗೆಯ ಮೇಲೆ ಎರಡು ವಾಡೆಗಳು ಎದ್ದಿದ್ದವು, ಒಂದು ಬಿಳಿ, ಒಂದು ಕರಿ. ನಡುವೆ ಎರಡು ಸಾಲು ಖಾಲಿ ಮನೆ. ಒಂದು ಕಾಯಿಯೂ ಸತ್ತಿರಲಿಲ್ಲ. ಆಟ ಮುಗಿಸಿ ಬಂದ ಹುಡುಗರು ಹಿಂದೆ ನಿಂತು ನೋಡಿ, ಇಬ್ಬರೂ ಕೂಡಿ ಚೇಷ್ಟೆ ಮಾಡುತ್ತಿದ್ದಾರೆಂದು ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ನನಗೆ ನಗು ಬರಲಿಲ್ಲ. ಹನ್ನೂರಿನ ಪಡಸಾಲೆಯಲ್ಲಿ ಒಬ್ಬ ಮನುಷ್ಯ ಇಬ್ಬರು ಮಕ್ಕಳಿಗೆ ಕಲಿಸಿದ ಪಾಠ ಹಲಗೆಯ ಎರಡೂ ಕಡೆಯಿಂದ ಎದ್ದು ನಿಂತಿತ್ತು. ಇಬ್ಬರೂ ಅದನ್ನು ನೋಡುತ್ತಾ ಕೂತಿದ್ದರು, ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ.

ಯಾರೂ ಬಾಗಿಲು ತೆಗೆಯುವಂತೆ ಕಾಣಲಿಲ್ಲ. ಆನೆಯನ್ನು ಅತ್ತ ಒಂದು ಮನೆ, ಇತ್ತ ಒಂದು ಮನೆ ಸರಿಸುತ್ತಾ ಹೊತ್ತು ಕಳೆದರು. ಆಟದ ನಡುವೆ ಎದುರಾಳಿಯೊಂದಿಗೆ ಮಾತಾಡುವಂತಿಲ್ಲ. ಆಟ ಸಮ ಮಾಡೋಣವೇ ಎಂದು ಕೇಳಲು ಮಾತ್ರ ಅನುಮತಿ ಉಂಟು. ಸಿದ್ರಾಮಪ್ಪ ಗಂಟಲು ಸರಿಮಾಡಿಕೊಂಡ.

"ಬರಾಬರಿ ಮಾಡೂಣೇನಕ್ಕಾ?"

ಅಷ್ಟು ವರ್ಷಗಳಲ್ಲಿ ತಮ್ಮನು ಅಕ್ಕನಿಗೆ ಆಡಿದ ಮೊದಲ ಮಾತು ಅದು. ಕಾಕುವಿನ ಕಣ್ಣು ಹಲಗೆಯಿಂದ ಮೇಲೇಳಲಿಲ್ಲ. ಆದರೆ ಸೆರಗಿನೊಳಗೆ ಕೈ ಹಿಸುಕಿಕೊಳ್ಳುತ್ತಿದ್ದುದು ನನಗೆ ಕಾಣುತ್ತಿತ್ತು.

"ಇಷ್ಟ ಲಗೂ? ಇನ್ನಾ ಆಟನ ಶುರು ಆಗಿಲ್ಲ," ಎಂದರು. "ಆಡು."

ಮುಂದಿನ ನಡೆಯಲ್ಲೇ ಅವರು ನಡುವಿನ ಪ್ಯಾದೆಯನ್ನು ಮುಂದೂಡಿ ತಮ್ಮ ಗೋಡೆಯನ್ನು ತಾವೇ ಒಡೆದರು. ಆಮೇಲೆ ನಡೆದದ್ದು ಭಾರೀ ಹೊಡೆದಾಟ. ಒಂಟೆಗಳು ಹೋದವು, ಕುದುರೆಗಳು ಹೋದವು, ವಜೀರರಿಬ್ಬರೂ ಒಬ್ಬರನ್ನೊಬ್ಬರು ಹೊಡೆದುಕೊಂಡು ಹಲಗೆ ಬಿಟ್ಟರು. ಕೊನೆಗೆ ಇಬ್ಬರಿಗೂ ಒಂದೊಂದು ಆನೆ ಉಳಿದು, ಪ್ಯಾದೆಗಳ ಲೆಕ್ಕದಲ್ಲಿ ಕಾಕುವಿಗೆ ಒಂದು ಹೆಚ್ಚಿತ್ತು. ಮೂಲೆಯಲ್ಲಿ ಅದು ವಜೀರನಾಗುವ ದಾರಿ ಹಿಡಿದಿತ್ತು. ಆದರೆ ಕಾಕುವಿನ ಗಡಿಯಾರದಲ್ಲಿ ಸಮಯ ಬಹಳ ಉಳಿದಿರಲಿಲ್ಲ.

ಆಗ ಅದು ನಡೆಯಿತು. ಕಾಕು ಆನೆಯನ್ನು ಸರಿಸಿ ಕೈಯನ್ನು ನೇರ ಸೆರಗಿನೊಳಗೆ ಎಳೆದುಕೊಂಡರು. ಗಡಿಯಾರದ ಗುಂಡಿ ಒತ್ತುವುದನ್ನು ಮರೆತರು. ನಡೆ ಆಗಿ ಹೋಗಿತ್ತು, ಆಡಬೇಕಾದವನು ತಮ್ಮ. ಓಡುತ್ತಿದ್ದುದು ಮಾತ್ರ ಅಕ್ಕನ ಸಮಯ. ಹೀಗೇ ಬಿಟ್ಟರೆ ಆ ಸಮಯ ಮುಗಿದು, ಗೆಲ್ಲುವ ಆಟ ಕೈ ತಪ್ಪುತ್ತಿತ್ತು. ನಾನು ಪಕ್ಕದಲ್ಲೇ ನಿಂತಿದ್ದೆ. ಪಂಚರಾದವರು ಆಟಗಾರರಿಗೆ ಇದನ್ನು ಹೇಳಕೂಡದು. ನಾಲಿಗೆ ಕಚ್ಚಿಕೊಂಡು ನಿಂತೆ. ಕಾಕು ಮಾತ್ರ ತಮ್ಮ ಯೋಚಿಸುತ್ತಿದ್ದಾನೆ ಎಂದುಕೊಂಡು ಹಲಗೆಯನ್ನೇ ನೋಡುತ್ತಾ ಕೂತಿದ್ದರು.

ಸಿದ್ರಾಮಪ್ಪ ಗಡಿಯಾರ ನೋಡಿದ. ಅಕ್ಕನನ್ನು ನೋಡಿದ. ಮೆಲ್ಲಗೆ ಕೈ ಎತ್ತಿ, ಬೆರಳಿನಿಂದ ಗಡಿಯಾರವನ್ನು ತೋರಿಸಿದ.

ಕಾಕು ಬೆಚ್ಚಿ ಗುಂಡಿ ಒತ್ತಿದರು. ಒತ್ತಿದ ಕೈ ಒಂದು ಕ್ಷಣ ಅಲ್ಲೇ ಉಳಿಯಿತು. ಆಗ ಮೊದಲ ಸಲ ತಮ್ಮನ ಮುಖವನ್ನು ನೇರವಾಗಿ ನೋಡಿದರು. ಆತ ಆಗಲೇ ಹಲಗೆಯ ಮೇಲೆ ಬಾಗಿದ್ದ.

ಉಪಕಾರ ಮಾಡಿದ ಎಂದು ಕಾಕು ಕೈ ಸಡಿಲ ಬಿಡಲಿಲ್ಲ. ಆ ಪ್ಯಾದೆಯನ್ನು ಒಂದೊಂದೇ ಮನೆ ನಡೆಸುತ್ತಾ ಕೊನೆಯ ಸಾಲಿಗೆ ಮುಟ್ಟಿಸಿದರು. ಸಿದ್ರಾಮಪ್ಪ ತನ್ನ ರಾಜನನ್ನು ಮಲಗಿಸಿ ಮತ್ತೆ ಕೈ ಚಾಚಿದ. ಈ ಸಲ ಕಾಕು ಆ ಕೈ ಹಿಡಿದರು. ಬೇಗ ಬಿಡಲಿಲ್ಲ.

ತಮ್ಮನೇ ಮೊದಲು, "ಆ ಒಂಟಿ ಯಾಕ ಕೊಟ್ಟಿ? ಅಪ್ಪ ಎಂದೂ ಕೊಡ್ತಿದ್ದಿಲ್ಲ" ಎಂದ.

"ಅಪ್ಪ ಕೊಡ್ತಿದ್ದಿಲ್ಲ, ಅದಕ್ಕ ನನ್ನ ಕೈಲೆ ಸೋಲ್ತಿದ್ದ," ಎಂದರು ಕಾಕು. "ಬಾ, ತೋರಸ್ತೀನಿ."

ಹೊರಗೆ, ಊಟದ ಪಂಕ್ತಿ ಹಾಕುವ ಜಾಗದಲ್ಲಿ, ಉದ್ದನೆಯ ಮೇಜಿನ ಮೇಲೆ ಮತ್ತೆ ಕಾಯಿ ಜೋಡಿಸಿಕೊಂಡು ಕೂತರು. ನಾನು ಚಹಾ ಒಯ್ದು ಕೊಟ್ಟೆ. ಒಂಟೆಯ ಮಾತು ಮುಗಿಯಿತು, ಆನೆಯ ಮಾತು ಮುಗಿಯಿತು. ಕಾಕು ಕೇಳಿದರು, "ನೀ ಎಂದಿನಿಂದ ಇಂಥಾದಕ್ಕ ಬರಾಕತ್ತಿ?"

"ಇದ ಮೊದಲ ಸಲ. ನೀ ವರ್ಷಾ ಬರ್ತೀಯಂತ ಗೊತ್ತಾತು. ಮನಿಗೆ ಬಂದ್ರ ಬಾಗಲಾ ತಗೀತಿದ್ದಿಲ್ಲ. ಇಲ್ಲಾದ್ರ ಎದುರ ಕುಂದ್ರಲೇಬೇಕಲ್ಲ?" ಸಿದ್ರಾಮಪ್ಪ ಬಶಿಯಲ್ಲಿ ಚಹಾ ಸುರುವಿಕೊಂಡ. "ನಿನ್ನಿ ಮೂರನೇ ಆಟ ನಾ ಗೆಲ್ತಿದ್ನಿ. ನೀ ಬರಾಬರಿ ಮಾಡ್ಕೊಂಡಿ ಅಂತ ಕಂಡಿತು. ನಾನೂ ಬರಾಬರಿ ಕೇಳಿದ್ನಿ. ಇಲ್ಲಂದ್ರ ನಿನ್ನ ಗುಣಾ ನನ್ನ ಗುಣಾ ಕೂಡ್ತಿದ್ದಿಲ್ಲ. ಮುಂದಿಂದು ಆ ಮಶೀನಿನ ಕೈಯಾಗಿತ್ತು."

ಅಂಕ ಸಮ ಮಾಡಲೆಂದೇ ಗೆಲ್ಲುವ ಆಟ ಬಿಟ್ಟ ಮಾತನ್ನು ಪಂಚಳಾಗಿ ಕೇಳಿಸಿಕೊಳ್ಳುವುದು ಸರಿಯಲ್ಲವೆಂದು ನಾನು ಬಿಸ್ಕೀಟಿನ ಪುಡೆ ಬಿಚ್ಚುವುದರಲ್ಲಿ ಮಗ್ನಳಾದೆ.

ಕಾಕು ಒಂದು ಪ್ಯಾದೆಯನ್ನು ಬೆರಳುಗಳಲ್ಲಿ ಹೊರಳಿಸುತ್ತಾ ಕೂತಿದ್ದರು. "ಅಪ್ಪ ಕಡೀಗೆ ಏನರೆ ಅಂದ್ನೇನು?"

"ನಸಿಕಿನ್ಯಾಗ ನಿನ್ನ ಕೇಳಿದ. ಪುಣೆದಾಗ ಅದಾಳ, ಮೊಮ್ಮಗಳ ಹುಟ್ಯಾಳ ಅಂದ್ನಿ. ನಕ್ಕ. ಮಹಾನಂದಾ ಅಕೀಗೆ ಆಟಾ ಕಲಸ್ತಾಳ ಬಿಡು, ಅಂದ." ಆತ ಬಶಿ ಕೆಳಗಿಟ್ಟ. "ಅಕ್ಕಾ, ಹಿರ್ಯಾರು ಹೊತ್ತ ಮುಳಗೂದ್ರಾಗ ಮುಗಸ್ಬೇಕಂದ್ರು. ನಾ ಬಾಯಿ ತಗೀಲಿಲ್ಲ. ಅಕ್ಕ ಬರೂತನಕ ತಡೀರಿ ಅನಬೇಕಾಗಿತ್ತು. ಅನಲಿಲ್ಲ. ಅದೊಂದ ಮಾತ ನನ್ನ ಬಿಟ್ಟಿಲ್ಲ ನೋಡು."

ಕಾಕು ಅಳಲಿಲ್ಲ. ಮೂಗಿನ ತುದಿ ಮಾತ್ರ ಕೆಂಪಾಗಿತ್ತು. "ಅವತ್ತ ಅನಲಿಲ್ಲ, ಖರೆ. ಇವತ್ತ ಕೈ ಮಾಡಿ ತೋರಿಸಿದೆಲ್ಲ," ಎಂದರು. "ಅಂಗಳದಾಗ ನಿಂತ ನಾನೂ ಅಂಥಾ ಮಾತ ಆಡಬಾರದಿತ್ತು. ಆಡಿದ ಮ್ಯಾಲ ಹೆಂಗ ಹಿಂದ ತಗೋಬೇಕು ತಿಳೀಲಿಲ್ಲ."

ಒಳಗೆ ಐದನೇ, ಕೊನೆಯ ಸುತ್ತಿನ ಗಂಟೆ ಬಾರಿಸಿದರು. ಈ ಗೆಲುವಿನಿಂದ ಕಾಕು ಮಹಿಳೆಯರ ಬಹುಮಾನದ ಹತ್ತಿರ ಬಂದಿದ್ದರು, ಇದೊಂದು ಸುತ್ತು ಆಡಿದ್ದರೆ ಬಹುಶಃ ಸಿಕ್ಕೇ ಬಿಡುತ್ತಿತ್ತು. ಜ್ವರ ಬಂದಾಗಲೂ ಆಟ ಬಿಟ್ಟವರಲ್ಲ. ನಾನು ಹೋಗಿ ಕರೆದೆ, "ಕಾಕು, ನಿಮ್ಮ ಗಡಿಯಾರ ಚಾಲೂ ಆಗ್ಯದ."

"ಆಗ್ಲಿ. ಆ ಸುತ್ತಿಗೆ ನನಗ ಸೊನ್ನಿ ಹಾಕು," ಎಂದರು. "ಇವಂಗೂ ಹಾಕು."

ಹಾಕಿದೆ. ಸಂಜೆ ಬಹುಮಾನ ಹಂಚುವಾಗ ಇಬ್ಬರೂ ಅಲ್ಲಿರಲಿಲ್ಲ. ನಿದ್ದೆಯಿಂದ ಎಚ್ಚೆತ್ತ ಕಾಕಾ ಹೆಂಡತಿಯನ್ನು ಸಭಾಂಗಣದಲ್ಲೆಲ್ಲ ಹುಡುಕಿ, ನನ್ನ ಹತ್ತಿರ ಬಂದು, "ಯಾರ ಗೆದ್ರು?" ಎಂದರು. ನಡೆದದ್ದನ್ನು ಹೇಳಿದೆ. ಟವೆಲ್ಲಿನಿಂದ ಮುಖ ಒರೆಸಿಕೊಂಡು, ಅವರಿಬ್ಬರನ್ನು ಹುಡುಕಿಕೊಂಡು ಹೊರಗೆ ಹೋದರು. ಆ ರಾತ್ರಿ ಮೂವರೂ ಹನ್ನೂರಿನಲ್ಲಿ ಉಂಡರಂತೆ.

ಆ ವರ್ಷದ ಪಂಚಮಿಗೆ ನಮ್ಮ ಮನೆಗೆ ಉಂಡಿ ಬರಲಿಲ್ಲ. ಕಾಕು ತವರಿನಲ್ಲೇ ಕೂತು ತಿಂದು ಬಂದರು. "ಶೇಂಗಾ ಉಂಡಿಗೆ ಬೆಲ್ಲಾ ಕಮ್ಮಿ ಹಾಕ್ತಾಳ ಸಿದ್ರಾಮನ ಹೇಣ್ತಿ. ನೀವು ಇಷ್ಟ ವರ್ಷ ಛಲೋ ಅದಾವ ಅಂತ ಸುಳ್ಳ ಹೇಳ್ತಿದ್ರೇನು?" ಎಂದು ನಮ್ಮಮ್ಮನನ್ನು ತರಾಟೆಗೆ ತೆಗೆದುಕೊಂಡರು.

ಹೋದ ವರ್ಷ ನನಗೆ ಪುಣೆಯ ಕಾಲೇಜಿನಲ್ಲಿ ಕೆಲಸವಾಯಿತು. ಹೊರಡುವ ಮುನ್ನ ಹೇಳಿಹೋಗಲೆಂದು ಎದುರು ಮನೆಗೆ ಹೋದರೆ ಬೀಗ. ಹನ್ನೂರಿಗೆ ಹೋಗಿದ್ದಾರೆಂದು ತಿಳಿದು ಕಾರು ತೆಗೆದುಕೊಂಡು ಅಲ್ಲಿಗೇ ಹೋದೆ. ಜೋಳದ ತೆನೆಯಲ್ಲಿ ಹಾಲುಗಾಳು ಕಟ್ಟಿದ ಸಮಯ. ಹೊಲದ ಬೇವಿನ ಮರದ ಕೆಳಗೆ ಹೊರಸಿನ ಮೇಲೆ ಹಲಗೆ ಹಾಸಿಕೊಂಡು ಅಕ್ಕ ತಮ್ಮ ಆಡುತ್ತಿದ್ದರು. ಕಾಕಾ ಪಕ್ಕದಲ್ಲಿ ಸೀತನಿ ಸುಡುತ್ತಿದ್ದರು. ಬಿಸಿ ಎಳೆಯ ಜೋಳದ ಕಾಳನ್ನು ಉಜ್ಜಿ ನನ್ನ ಕೈಗೆ ಹಾಕಿದರು.

ಪುಣೆಗೆ ಹೋಗುವ ಸುದ್ದಿ ಹೇಳಿದೆ. ಕಾಕು ನನ್ನ ತಲೆ ಮೇಲೆ ಕೈಯಿಟ್ಟು, "ಹೋಗು. ಅಲ್ಲಿ ನನ್ನ ಮೊಮ್ಮಗಳ ಅದಾಳ. ಭಾಳ ಅವಸರದಾಕಿ. ಅಕೀಗೆ ಹಿಡದ ಕೂಡ್ರಿಸಿ ಆಟಾ ಕಲಸು" ಎಂದರು. ಕಲಿಸುತ್ತೇನೆಂದು ಮಾತು ಕೊಟ್ಟೆ. ಈಗ ಪ್ರತಿ ಭಾನುವಾರ ಆ ಹುಡುಗಿ ನಮ್ಮ ಮನೆಗೆ ಬರುತ್ತಾಳೆ.

ಕಾಲು ಮುಟ್ಟಿ ನಮಸ್ಕರಿಸಿ ಹೊರಟೆ. ಕಾಕುವನ್ನು ನಾನು ಕೊನೆಯ ಸಲ ನೋಡಿದ್ದು ಅಂದೇ. ಬದುವಿನ ಮೇಲೆ ನಡೆದು ಕಾರಿನ ಹತ್ತಿರ ಬರುವಷ್ಟರಲ್ಲಿ ಹಿಂದೆ ಸಿದ್ರಾಮಪ್ಪನ ದನಿ ಏರಿತು.

"ಅಕ್ಕಾ, ನೀ ಕುದರಿ ಮುಟ್ಟಿದಿ! ಈಗ ಆನಿ ನಡಸಾಕತ್ತೀ! ಇದು ಮೋಸಾ!"

"ಯಾರ ನೋಡ್ಯಾರ?" ಕಾಕುವಿನ ದನಿ ಜೋಳದ ಹೊಲ ದಾಟಿ ನನ್ನ ತನಕ ಬಂತು. "ಪಂಚಬಾಯಿ ಹೊಂಟ್ಲು. ಈಗ ಇದು ನಮ್ಮ ಮನಿ ಆಟ."